ಹೊಲಿದು ಬಂದ ಪುಟಗಳು

ಹತ್ತನೇ ತರಗತಿಯ ಹುಡುಗಿಯರಿಗೆ ಸಂಯಮದ ಪಾಠ ಹೇಳಲು ಹೊನ್ನಾವರದ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಹಂಚಲು ಒಯ್ದಿದ್ದ ಪುಸ್ತಿಕೆಯಲ್ಲಿ ಶರೀರದ ಚಿತ್ರಗಳಿದ್ದ ಎರಡು ಪುಟಗಳನ್ನು ಹೆಡ್‌ಮಾಸ್ಟರು ಮೊದಲೇ ಪಿನ್ನು ಹೊಡೆದು ಮುಚ್ಚಿಬಿಟ್ಟರು.

"ಮಳೆಗಾಲದಲ್ಲಿ ದೋಣಿ ದಡದಲ್ಲೇ ಇರ್ತದಲ್ಲ, ಹಾಗೆ ಮದುವೆಯವರೆಗೆ ಕಾಯಬೇಕು," ಎಂದೆ.

ಮಾವಿನಕುರ್ವೆಯ ಮೀನುಗಾರರ ಮನೆಯ ಹುಡುಗಿಯೊಬ್ಬಳು ಎದ್ದಳು. "ಆಗ ನಮ್ಮಪ್ಪ ಸುಮ್ನೆ ಕೂತ್ಕಳ್ಳೂದಿಲ್ಲ ಸರ್, ಬಲೆ ಸರಿಮಾಡ್ತಾರೆ. ನಾವೆಂತ ಮಾಡೂದು?"

"ಓದೂದು," ಎಂದರು ಹೆಡ್‌ಮಾಸ್ಟರು.

ಮರುದಿನ ಹುಡುಗಿಯರು ಮನೆಗೆ ಒಯ್ದು ವಾಪಸು ತಂದ ಪುಸ್ತಿಕೆಗಳಲ್ಲಿ ಒಂದು ಪಿನ್ನೂ ಇರಲಿಲ್ಲ. ಆ ಪುಟಗಳನ್ನು ಬಲೆಯ ನೂಲಿನಿಂದ ಅಚ್ಚುಕಟ್ಟಾಗಿ ಹೊಲಿದಿದ್ದರು.

"ಉಪ್ಪುಗಾಳಿಗೆ ಪಿನ್ನು ತುಕ್ಕು ಹಿಡೀತದೆ ಸರ್," ಎಂದಳು ಅದೇ ಹುಡುಗಿ.

ಇಂಥ ಶಿಸ್ತನ್ನು ತಾವು ಎಲ್ಲೂ ಕಂಡಿಲ್ಲ ಎಂದು ಹೆಡ್‌ಮಾಸ್ಟರು ಮೆಚ್ಚಿಕೊಂಡರು. ಪಿನ್ನು ಕಿತ್ತ ಮೇಲೆ, ಹೊಲಿಯುವ ಮೊದಲು ಏನು ನಡೆದಿರಬಹುದೆಂದು ಅವರು ಕೇಳಲಿಲ್ಲ. ನಾನೂ ಸಂಯಮ ಪಾಲಿಸಿದೆ.