ವಲೇರಿಯನ್ ಮಾಸ್ಟ್ರ ಉಳಿದ ನೀಲಿ

ಬೆಳಕನ್ನು ಹುಡುಕಿ ಹೊರಟವನು ಮೊದಲು ಕತ್ತಲೆಯನ್ನು ಹೊಗಬೇಕೆಂದು ಬಲ್ಲವರು ಹೇಳುತ್ತಾರೆ. ವಲೇರಿಯನ್ ಮಾಸ್ಟ್ರು ಹೊಕ್ಕ ಕತ್ತಲೆಗೆ ಕಿಟಕಿ ಇರಲಿಲ್ಲ, ಪುಡಿ ಹಾರುತ್ತದೆಂದು ಫ್ಯಾನು ಹಾಕುವಂತಿರಲಿಲ್ಲ, ಚಿಲಕವೂ ಒಮ್ಮೊಮ್ಮೆ ಒಳಗಿನಿಂದ ತೆರೆಯುತ್ತಿರಲಿಲ್ಲ.

ನಮ್ಮ ಕಾಲೇಜಿನ ಆ ಕೋಣೆಯಲ್ಲಿ ಅವರು ಪಿಎಚ್‌ಡಿಗಾಗಿ ಹೊಳೆಯುವ ದ್ರವಸ್ಫಟಿಕಗಳನ್ನು ಕಾಯಿಸುತ್ತಿದ್ದರು. ಗಾಜಿನ ತುಂಡನ್ನು ಜೇಬಿನ ಬಿಳಿ ಕರವಸ್ತ್ರದಿಂದ ಭಕ್ತಿಪೂರ್ವಕ ಒರೆಸಿ, ಚಿಟಿಕೆ ಪುಡಿ ಇಟ್ಟು, ಅತಿನೇರಳೆ ದೀಪ ಹಾಕುವುದು. ಪುಡಿ ನೀಲಿಯಾಗಿ ಹೊಳೆಯುತ್ತದೆ. ಕಾಯಿಸಿದರೆ ಗಂಜಿತಿಳಿಯಂತೆ ಮಬ್ಬಾಗುತ್ತದೆ, ಇನ್ನೂ ಕಾಯಿಸಿದರೆ ತಿಳಿನೀರು.

“ನಡುವಿನದ್ದು ಉಂಟಲ್ಲ, ಅದೇ ದ್ರವಸ್ಫಟಿಕ,” ಎನ್ನುತ್ತಿದ್ದರು. “ಘನದವರು ಹೊರಗೆ ಹಾಕಿದ್ದಾರೆ, ದ್ರವದವರು ಸೇರಿಸಿಕೊಂಡಿಲ್ಲ. ನನ್ನದೂ ಅದೇ ಅವಸ್ಥೆ ಮಾರಾಯ.”

ಅವಸ್ಥೆ ಸಣ್ಣದಲ್ಲ. ಪಿಎಚ್‌ಡಿ ಆಗದೆ ಕೆಲಸ ಖಾಯಂ ಆಗದು. ಮುಂದೂಡಿದ ಗಡುವು ಇನ್ನು ಜರಗಲಾರೆನೆಂದು ಕುಳಿತಿತ್ತು. ಶಕ್ತಿನಗರದ ನೆರೆಯವರಂತೂ ಆಗಲೇ “ಡಾಕ್ಟ್ರೇ” ಎಂದು ಕರೆದು ಮಂಡಿನೋವು ತೋರಿಸುತ್ತಿದ್ದರು.

ಆಸೆಗೆ ಆಧಾರ ಒಂದೇ. ಕಾದಂತೆಲ್ಲ ಹೊಳಪು ಆರಬೇಕು, ಅದು ನಿಯಮ. ಹೊಳಪು ಅಳೆಯುವ ಮಾಸ್ಟ್ರ ಮೀಟರಿನಲ್ಲಿ ಮಾತ್ರ, ಪುಡಿ ಪೂರ್ತಿ ಕರಗಿದ ಮೇಲೂ ಕೊಂಚ ನೀಲಿ ಉಳಿಯುತ್ತಿತ್ತು. ಇಡೀ ಪ್ರಬಂಧ ಆ ಉಳಿದ ನೀಲಿಯ ಮೇಲೆ ನಿಂತಿತ್ತು.

ಒಂದು ಮಧ್ಯಾಹ್ನ ಲ್ಯಾಬ್ ಸಹಾಯಕನಾದ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ದೀಪದಡಿ ಗಾಜು ಮಾತ್ರ ಇತ್ತು, ಪುಡಿ ಇರಲಿಲ್ಲ. ಆದರೂ ಕೂದಲೆಳೆಯಂಥ ನೂಲುಗಳು ನೀಲಿಯಾಗಿ ಹೊಳೆಯುತ್ತಿದ್ದವು. ಮಾಸ್ಟ್ರು ಕರವಸ್ತ್ರ ತೆಗೆದು ದೀಪಕ್ಕೆ ಹಿಡಿದರು. ಕೋಣೆಯಲ್ಲಿ ಚಂದ್ರೋದಯವಾಯಿತು.

“ಹಿಲ್ಡಾ ಒಗೆದದ್ದು,” ಎಂದರು. ಹಿಲ್ಡಾ ಅವರ ಹೆಂಡತಿ. “ಸಾಬೂನು ಪುಡಿಯಲ್ಲಿ ಬಿಳುಪಿಗೆ ಎಂತದೋ ಹಾಕ್ತಾರಲ್ಲ, ಅದು. ಎಷ್ಟು ಕಾಯಿಸಿದರೂ ಜಗ್ಗುವುದಿಲ್ಲ. ನನ್ನ ಮೀಟರು ಕಂಡದ್ದು ಇದನ್ನೇ.”

“ಯಾರಿಗೂ ಗೊತ್ತಿಲ್ಲವಲ್ಲ ಸರ್,” ಎಂದೆ.

“ನನಗೆ ಗೊತ್ತುಂಟಲ್ಲ. ಎಂತ ಅವಸ್ಥೆ ನೋಡು.”

ಗೈಡಿಗೆ ಹೇಳಲು ಎದ್ದರು. ಚಿಲಕ ತೆರೆಯಲಿಲ್ಲ. ಹೊರಗಿನಿಂದ ಯಾರಾದರೂ ಬರುವವರೆಗೆ ಮನಸ್ಸು ಬದಲಾಯಿಸಲು ಧಾರಾಳ ಸಮಯವಿತ್ತು. ಆ ಸಮಯವನ್ನು ಮಾಸ್ಟ್ರು ಬೆವರು ಒರೆಸಿಕೊಳ್ಳಲು ಬಳಸಿದರು, ಅದೇ ಕರವಸ್ತ್ರದಿಂದ.

ಬಾಗಿಲು ತೆರೆದೊಡನೆ ಹೋಗಿ ಹೇಳಿದರು. ತೊಳೆದ ಗಾಜಿನಲ್ಲಿ ಮತ್ತೆ ಅಳೆದಾಗ, ಉಳಿದ ನೀಲಿ ಉಳಿಯಲಿಲ್ಲ. ಅವರೀಗ ಉಳ್ಳಾಲದ ಕಡೆ ಒಂದು ಶಾಲೆಯಲ್ಲಿದ್ದಾರೆ. ಶಕ್ತಿನಗರದ ಮಂಡಿಗಳು ಅವರನ್ನು ಇನ್ನೂ ಬಿಟ್ಟಿಲ್ಲವಂತೆ. ನಮ್ಮ ಕತ್ತಲೆಕೋಣೆಯಲ್ಲಿ ಮುರಿದ ಬೆಂಚುಗಳಿವೆ. ಪಿಎಚ್‌ಡಿ ಸಿಗಲಿಲ್ಲ.