ಕಡ ತಂದ ಕಸ

ಜಹೀರಾಬಾದಿನ ಶಕುಂತಲಾಬಾಯಿಗೆ ಮದುವೆಯಾಗಿ ಬಂದಾಗಿನಿಂದ ಯಾವುದಕ್ಕೂ ಕೊರತೆ ಬಿದ್ದಿರಲಿಲ್ಲ. ಗಂಡ ಮನ್ಮಥಪ್ಪನ ಕಿರಾಣಿ ಅಂಗಡಿ ಚೆನ್ನಾಗಿಯೇ ನಡೆದಿತ್ತು. ತಾಂಡೂರಿನ ತೊಗರಿಬೇಳೆ ಮನೆಯಲ್ಲಿ ಮೂಟೆಗಟ್ಟಲೆ ಇತ್ತು. ಮಗಳು ಮಹಾನಂದಾ ನಾರಾಯಣಖೇಡದ ಗಂಡನ ಮನೆಯಲ್ಲಿ ಸುಖವಾಗಿದ್ದಳು. ಕಡೆಗೆ ಬಿದ್ದದ್ದು ಕಸದ ಕೊರತೆ. ನಗಬೇಡಿ. ಕಸದ ಸಲುವಾಗಿ ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ಇಡೀ ಕಾಲನಿ ನೋಡಿದೆ.

ಆದದ್ದು ಇಷ್ಟು. ನೀರಿನ ಟಾಕಿಯ ಹಿಂದಿನ ಕಮ್ಯುನಿಟಿ ಹಾಲಿನಲ್ಲಿ ರವಿವಾರ ಮುಂಜಾನೆ ಹೆಂಗಸರಿಗೆ ಕ್ಲಾಸು ಶುರುವಾಯಿತು. ಕಲಿಸಲಿಕ್ಕೆ ಹೈದರಾಬಾದಿನಿಂದ ಶಿಲ್ಪಾರಾಣಿ ಎಂಬ ಹುಡುಗಿ ಬರುತ್ತಿದ್ದಳು. ತಾಯಿಯ ತವರು ಬೀದರ ಆದ್ದರಿಂದ ಕನ್ನಡ, ತೆಲುಗು, ಹಿಂದಿ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದಳು. ಹಳೆ ಸೀರೆಯಿಂದ ಚೀಲ ಹೊಲಿಯುವುದು, ಮಾಳಿಗೆ ಮೇಲೆ ಮೆಂತ್ಯ ಬೆಳೆಯುವುದು, ಅಡಿಗೆಮನೆಯ ಕಸದಿಂದ ಗೊಬ್ಬರ ಮಾಡುವುದು, ಇವು ಪಾಠಗಳು. ಎರಡನೆಯ ವಾರ ಯಾರ ಕಸದ ಬಕೀಟು ಎಲ್ಲಕ್ಕಿಂತ ಚೆನ್ನಾಗಿರುತ್ತದೋ ಅವರೇ ಗುಂಪಿನ ಲೀಡರ್ ಎಂದು ಟೀಚರು ಸಾರಿಬಿಟ್ಟಳು.

ಲೀಡರ್ ಎಂದರೆ ಏನು ಕೆಲಸ ಎಂದು ಯಾರೂ ಕೇಳಲಿಲ್ಲ. ಟೀಚರ ಪಕ್ಕದ ಕುರ್ಚಿಯಲ್ಲಿ ಕೂರುವುದಿರಬೇಕು ಎಂದುಕೊಂಡಳು ಶಕುಂತಲಾಬಾಯಿ. ಆ ಕುರ್ಚಿ ತನಗೆ ಬರಬೇಕು, ಬರದಿದ್ದರೂ ಚಿಂತೆಯಿಲ್ಲ, ನೆಗೆಣ್ಣಿ ಪ್ರೇಮಲಾಗಂತೂ ಹೋಗಬಾರದು. ಪ್ರೇಮಲಾ ಅಂದರೆ ಮೈದುನನ ಹೆಂಡತಿ. ಹೊಸ ಸೀರೆ ಉಟ್ಟರೆ ಬೆಲೆ ಕೇಳುವವರೆಗೂ ಎದುರಿನಿಂದ ಕದಲದ ಹೆಣ್ಣು.

ಮೊದಲ ವಾರ ಎಲ್ಲರ ಬಕೀಟೂ ತುಂಬಿ ಬಂತು. ಶಕುಂತಲಾಬಾಯಿಯದರಲ್ಲಿ ಒಂದು ಹಿಡಿ ಉಳ್ಳಾಗಡ್ಡಿ ಸಿಪ್ಪೆ, ಅಷ್ಟೇ. ಆಕೆಯಾದರೂ ಏನು ಮಾಡಬೇಕು? ಹೀರೇಕಾಯಿ ಸಿಪ್ಪೆ ಚಟ್ನಿಗೆ ಹೋಗುತ್ತದೆ. ತಂಗಳು ರೊಟ್ಟಿ ಮುರಿದು ಒಗ್ಗರಣೆಗೆ ಬೀಳುತ್ತದೆ. ಚಹಾಪುಡಿ ಗುಲಾಬಿ ಕುಂಡಕ್ಕೆ, ಅಕ್ಕಿ ತೊಳೆದ ನೀರು ಗೇಟಿಗೆ ಬರುವ ಆಕಳಿಗೆ. ಇನ್ನು ತಾಟಿನಲ್ಲಿ ಬಿಡುವ ಮಾತಂತೂ ಇಲ್ಲವೇ ಇಲ್ಲ. ಉಂಡದ್ದು ಪ್ರಸಾದ, ಅದರ ಅಗಳೂ ಬಿಡಬಾರದೆಂದು ಅವರ ಮನೆಯಲ್ಲಿ ಊಟವಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿಯುವುದು ರೂಢಿ. ಹೊಟ್ಟೆ ತುಂಬ ಉಂಡ ತಾಟು ಅಂಗಡಿಯಿಂದ ಈಗ ತಂದಂತೆ ಫಳಫಳ ಹೊಳೆಯುತ್ತಿತ್ತು.

ಪ್ರೇಮಲಾ ಬಕೀಟಿನೊಳಗೆ ಇಣುಕಿದಳು. "ಅಕ್ಕಾ, ನಿಮ್ಮನಿಯಾಗ ಒಲಿ ಹಚ್ಚತೀರೋ ಇಲ್ಲೋ? ಭಾವನೋರಿಗಿ ಊಟಕ್ಕ ನಮ್ಮನಿಗೇ ಕಳಸ್ರಿ ಬೇಕಾದ್ರ."

ಹಾಲಿಗೆ ಹಾಲೇ ನಕ್ಕಿತು. ಜಿಪುಣಿ ಎನಿಸಿಕೊಂಡು ಶಕುಂತಲಾಬಾಯಿಯ ಮೈ ಉರಿದುಹೋಯಿತು. ಕಾಲನಿಗೆಲ್ಲ ಹೋಳಿಗೆ ಹಂಚುವ ಕೈ ಅದು. ಮುಂದಿನ ರವಿವಾರದೊಳಗೆ ಬಕೀಟು ತುಂಬಿಸದಿದ್ದರೆ ತನ್ನ ಹೆಸರು ತಿರುಗಿಸಿ ಕರೆಯಲಿ ಎಂದುಕೊಂಡೇ ಮನೆಗೆ ಬಂದಳು.

"ಏನ್ರಿ, ಇವತ್ತ ನಾಕ ತುತ್ತು ತಾಟಿನಾಗ ಬಿಡ್ರಿ," ಎಂದಳು ಗಂಡನಿಗೆ.

"ಯಾಕ, ಉಪ್ಪು ಹೆಚ್ಚಾಗ್ಯಾದೇನು?"

"ಕಸ ಬೇಕಾಗ್ಯಾದ."

ಮನ್ಮಥಪ್ಪ ಹೆಂಡತಿಯ ಹಣೆ ಮುಟ್ಟಿ ನೋಡಿದ. ಜ್ವರ ಇರಲಿಲ್ಲ. ಪಾಪದ ಮನುಷ್ಯ, ಹೇಳಿದ ಹಾಗೆ ಬಿಡಲು ಖರೇನೇ ಪ್ರಯತ್ನಪಟ್ಟ. ಒಂದು ತುತ್ತು ಬದಿಗೆ ಸರಿಸಿದ, ಅದನ್ನೇ ನೋಡಿದ, ಆಚೆ ಈಚೆ ನೋಡಿದ, ಬಾಯಿಗೆ ಹಾಕಿಕೊಂಡ. ಮರುಗಳಿಗೆ ತಾಟಿಗೆ ನೀರು ಹಾಕಿ ಕುಡಿದೂ ಬಿಟ್ಟ. "ಕೈ ಕೇಳಂಗಿಲ್ಲ ನೋಡವಾ," ಎಂದು ತಪ್ಪು ಮಾಡಿದವನಂತೆ ಎದ್ದು ಹೋದ. ಆಕೆ ತಾನೇ ಬಿಡೋಣವೆಂದು ಕುಳಿತಳು. ಆಕೆಯ ಕೈಯೂ ಕೇಳಲಿಲ್ಲ.

ವಾರ ಹೀಗೇ ಕಳೆದು ಶನಿವಾರ ಬಂತು. ಈಗ ಉಳಿದದ್ದು ಪಕ್ಕದ ಮನೆಯ ಲಕ್ಷ್ಮಿಬಾಯಿ. ಆಕೆಯ ಗಂಡ ಅಮೋಘಸಿದ್ದ ನ್ಯಾಲ್ಕಲ್ ಕಡೆಯವನು. ಮನೆತನದ ಕುರಿಗಳನ್ನು ಊರಲ್ಲಿ ಅಣ್ಣನಿಗೆ ಒಪ್ಪಿಸಿ, ತಾನು ಇಲ್ಲಿ ಕುರಿ ವ್ಯಾಪಾರ ನೋಡಿಕೊಂಡಿದ್ದ. ಎರಡೂ ಮನೆಗೆ ಒಂದೇ ಗೋಡೆ. ಶಕುಂತಲಾಬಾಯಿ ದಿನಾ ಲಕ್ಷ್ಮಿಬಾಯಿಯ ಕಟ್ಟೆ ಮೇಲೆ ಕೂತು ಹೊತ್ತು ಮುಳುಗುವವರೆಗೂ ಮಾತಾಡುವವಳು, ಆದರೆ ಹೊಸ್ತಿಲು ದಾಟಿದವಳಲ್ಲ. ಅಡಿಗೆಯ ಭೇದ ಎಂದು ಆ ಮನೆಯ ಒಂದು ಗುಟುಕು ನೀರೂ ಕುಡಿದವಳಲ್ಲ. ಲಕ್ಷ್ಮಿಬಾಯಿಯೂ ಚಹಾಕ್ಕೆ ಕರೆದವಳಲ್ಲ. ಕರೆದು ಇಲ್ಲ ಎನಿಸಿಕೊಳ್ಳುವುದು ಯಾರಿಗೆ ಬೇಕು?

"ಲಕ್ಷ್ಮೀ, ನಿಮ್ಮನಿಯಾಗ ಜರಾ ಕಸ ಅದ ಏನವಾ?"

"ಕಸಬರಗಿ ಬೇಕೇನ್ ಯಕ್ಕಾ?"

"ಕಸಬರಗಿ ಅಲ್ಲ, ಕಸಾನೇ ಬೇಕು. ಸಿಪ್ಪಿ, ಗಿಪ್ಪಿ, ಏನಿದ್ರೂ ನಡೀತದ."

ಲಕ್ಷ್ಮಿಬಾಯಿ ಕಂಬ ಹಿಡಿದುಕೊಂಡು ನಕ್ಕಳು. "ನಮ್ಮನಿ ನೀರು ನಡೆಯಂಗಿಲ್ಲ ನಿಮಗ. ಕಸ ನಡೀತದ?"

"ಅದೇನು ತಿನ್ನಾಕಲ್ಲಲ್ಲ," ಎಂದಳು ಶಕುಂತಲಾಬಾಯಿ.

ಲಕ್ಷ್ಮಿಬಾಯಿಯ ನಗು ಅಲ್ಲಿಗೇ ನಿಂತಿತು. ಆದರೂ ಹಿತ್ತಲ ಕಡೆ ಕೈ ತೋರಿಸಿದಳು. "ಬಕೀಟ್ ಅಲ್ಲಿ ಅದ, ತಗೋರಿ. ನಿನ್ನಿ ಊರಿಂದ ಜೀಪ್ ತುಂಬ ಬೀಗರು ಬಂದು ಉಂಡು ಹೋಗ್ಯಾರ. ಯಕ್ಕಾ, ತಡೀರಿ, ಅದ್ರಾಗ..."

ಯಕ್ಕ ಎಲ್ಲಿ ತಡೆಯುತ್ತಾಳೆ? ಆಗಲೇ ಬಕೀಟು ಎತ್ತಿಕೊಂಡು ತನ್ನ ಗೇಟು ಹೊಕ್ಕಿದ್ದಳು. ಮೂಗಿಗೆ ಸೆರಗು ಹಿಡಿದು, ಮುಖ ಆ ಕಡೆ ತಿರುಗಿಸಿ, ತನ್ನ ಬಕೀಟಿಗೆ ಸುರುವಿದಳು. ಕಲಿಸಿಕೊಟ್ಟಂತೆ ಮೇಲೆ ಒಣ ಎಲೆ ಹರಡಿ, ಮಜ್ಜಿಗೆ ಚಿಮುಕಿಸಿ, ಕುಂಕುಮ ಒಂದು ಹಚ್ಚುವುದು ಬಿಟ್ಟು ಎಲ್ಲ ಶೃಂಗಾರ ಮಾಡಿದಳು.

ರವಿವಾರ ಹಾಲಿನಲ್ಲಿ ಶಿಲ್ಪಾರಾಣಿ ತಾಡಪತ್ರಿ ಹಾಸಿ ಒಂದೊಂದೇ ಬಕೀಟು ಬೋರಲು ಹಾಕಿದಳು. ಲಕ್ಷ್ಮಿಬಾಯಿಯೂ ಅವತ್ತು ಮೊದಲ ಸಲ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಪ್ರೇಮಲಾಳದು ಚೆನ್ನಾಗಿದೆ ಎಂದಳು ಟೀಚರು. ಶಕುಂತಲಾಬಾಯಿಯ ಬಕೀಟಿನ ಭಾರ ನೋಡಿಯೇ "ಅಬ್ಬಾ ಆಂಟಿ" ಎಂದಳು. ಶಕುಂತಲಾಬಾಯಿ ನೆಗೆಣ್ಣಿಯ ಕಡೆ ಒಮ್ಮೆ ನೋಡಿ ಸೆರಗು ಸರಿಮಾಡಿಕೊಂಡಳು. ಎಲೆ ಬಿತ್ತು, ಬಾಳೆ ಸಿಪ್ಪೆ ಬಿತ್ತು, ಆಮೇಲೆ ಟಣ್ಣನೆ ಒಂದು ಎಲುಬು ಬಿತ್ತು. ಅದರ ಹಿಂದೆ ಇನ್ನೆರಡು.

ಮುಂದಿನ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು.

"ಅಕ್ಕಾ, ಇದ್ಯಾವ ಕಾಯಿಪಲ್ಯಾರಿ?" ಎಂದಳು ಪ್ರೇಮಲಾ.

ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಎದುರಿಗೆ ಕುರಿಯ ಎಲುಬು. ಶಕುಂತಲಾಬಾಯಿಯ ನಾಲಗೆಗೆ ತೋಚಿದ್ದು ಒಂದೇ. "ನುಗ್ಗಿಕಾಯಿ."

ಶಿಲ್ಪಾರಾಣಿ ಅದನ್ನು ಕೋಲಿನಿಂದ ಬಡಿದು ನೋಡಿದಳು. "ಆಂಟಿ, ಇದು ಕಟಕಟ ಅಂತದಲ್ಲ?"

ಆಗ ಹಿಂದಿನ ಸಾಲಿನಿಂದ ಲಕ್ಷ್ಮಿಬಾಯಿ ಎದ್ದು ನಿಂತಳು. "ಟೀಚರ್, ಅದು ನಮ್ಮನಿ ಬಕೀಟ್ ರಿ. ಎರಡೂ ಒಂದೇ ಬಣ್ಣ ನೋಡ್ರಿ, ಅದಲುಬದಲು ಆಗ್ಯಾವ. ಅಕ್ಕನ ತಪ್ಪಿಲ್ಲ."

ಹೋದ ಜೀವ ಬಂದಂತಾಯಿತು ಶಕುಂತಲಾಬಾಯಿಗೆ. ಹೂಂ ಎಂದರೆ ಸಾಕು, ಹೆಸರೂ ಉಳಿಯಿತು, ಕುಲವೂ ಉಳಿಯಿತು. ಅಷ್ಟರಲ್ಲಿ ಪ್ರೇಮಲಾ ಅಂದಳು, "ಅದಕ್ಕೇ ಅಕ್ಕಾ, ಇಂಥವರ ಬಾಜೂಕ ಬಕೀಟ್ ಸೈತ ಇಡಬಾರದು."

ನಾಲ್ಕು ಜನ ಕಿಸಕ್ಕನೆ ನಕ್ಕರು. ಲಕ್ಷ್ಮಿಬಾಯಿ ತಲೆ ತಗ್ಗಿಸಿದಳು. ತನ್ನ ಮಾನ ಕಾಯಲು ಸುಳ್ಳು ಹೇಳಿದವಳು ತಲೆ ತಗ್ಗಿಸಿದ್ದನ್ನು ನೋಡಿ ಶಕುಂತಲಾಬಾಯಿಗೆ ನಿನ್ನೆ ತಾನು ಆಡಿದ ಮಾತು ನೆನಪಾಯಿತು. ಅದೇನು ತಿನ್ನಾಕಲ್ಲಲ್ಲ ಅಂದಿದ್ದವಳೂ ತಾನೇ.

"ಪ್ರೇಮಲಾ, ಬಾಯಿ ಮುಚ್ಚು," ಎಂದಳು. "ಬಕೀಟ್ ಬದಲಾಗಿಲ್ಲ. ನಮ್ಮನಿಯಾಗ ಕಸ ಇರಲಿಲ್ಲ, ಆಕಿ ಕಡಿಂದ ಬೇಡಿ ತಂದೀನಿ. ಆಕಿ ಮನಿ ನೀರು ಮುಟ್ಟಲಾರದಾಕಿ, ಆಕಿ ಮನಿ ಕಸ ನಂದು ಅಂತ ಹೇಳಕೊಂಡು ಲೀಡರ್ ಆಗಾಕ ಬಂದೀನಿ. ಶರಮ್ ಪಡಬೇಕಾದಾಕಿ ನಾನು. ಲಕ್ಷ್ಮೀ, ನೀ ತಲಿ ಎತ್ತವಾ." ಹೇಳುತ್ತ ಹೇಳುತ್ತ ಕಣ್ಣು ತುಂಬಿ ಬಂದವು, ಸೆರಗಿನಲ್ಲಿ ಒರೆಸಿಕೊಂಡಳು.

ಗೊಬ್ಬರದ ಬಕೀಟಿಗೆ ಎಲುಬು ಹಾಕಿದರೆ ನಾಯಿ, ಇಲಿ ಬರುತ್ತವೆ, ಆದ್ದರಿಂದ ಈ ಬಕೀಟು ಫೇಲು ಎಂದು ಟೀಚರು ಮೆತ್ತಗೆ ಹೇಳಿದಳು. ಪ್ರೇಮಲಾ ಲೀಡರ್ ಆದಳು. ಚಪ್ಪಾಳೆ ಬಿತ್ತು. ಆಮೇಲೆ ಲೀಡರಿನ ಕೆಲಸ ಏನೆಂದು ಗೊತ್ತಾಯಿತು. ದಿನಾ ಮುಂಜಾನೆ ಎಲ್ಲರ ಬಕೀಟೂ ಹಾಲಿನ ಹಿಂದಿನ ಗುಂಡಿಗೆ ಸುರುವಿ, ಗುದ್ದಲಿಯಿಂದ ತಿರುವಿ ಹಾಕಬೇಕು. ಪ್ರೇಮಲಾ ಉಟ್ಟದ್ದು ಅವತ್ತು ಹೊಸ ಸೀರೆ. ಅದರ ಬೆಲೆ ಯಾರೂ ಕೇಳಲಿಲ್ಲ.

ಶಕುಂತಲಾಬಾಯಿ, ಲಕ್ಷ್ಮಿಬಾಯಿ ಇಬ್ಬರೂ ಮನೆ ಕಡೆ ನಡೆದರು. ಕಟ್ಟೆ ಬಂತು. ಶಕುಂತಲಾಬಾಯಿ ಕೂರಲಿಲ್ಲ. ಚಪ್ಪಲಿ ಬಿಟ್ಟಳು, ಹೊಸ್ತಿಲು ದಾಟಿದಳು, ಒಳಗಿನ ಚಾಪೆ ಮೇಲೆ ಕಾಲು ಮಡಚಿ ಕೂತಳು.

"ಚಹಾ ಇಡು."

"ಯಕ್ಕಾ, ಖರೇನ?"

"ಇಡು ಅಂದ್ನಲ್ಲ. ಸಕ್ಕರಿ ಜರಾ ಹೆಚ್ಚು ಹಾಕು."

ಲಕ್ಷ್ಮಿಬಾಯಿ ಗಡಿಬಿಡಿಯಲ್ಲಿ ಅರ್ಧ ಚಹಾ ಕಪ್ಪಿನ ಕೆಳಗಿನ ಬಸಿಗೇ ಸುರುವಿದಳು. ಶಕುಂತಲಾಬಾಯಿ ಬಸಿಯದನ್ನೂ ಕುಡಿದಳು, ಕಪ್ಪಿನದನ್ನೂ ಕುಡಿದಳು. ಆಮೇಲೆ, ರೂಢಿ ನೋಡಿ, ಬಾಜೂಕಿದ್ದ ತಂಬಿಗೆಯಿಂದ ಕಪ್ಪಿಗೆ ಒಂದಿಷ್ಟು ನೀರು ಹಾಕಿ, ಬೆರಳಾಡಿಸಿ, ಆ ನೀರನ್ನೂ ಕುಡಿದು ಕಪ್ಪು ಕೆಳಗಿಟ್ಟಳು.

ಲಕ್ಷ್ಮಿಬಾಯಿ ನೋಡುತ್ತಲೇ ಇದ್ದಳು. ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಹಿಂಗ ಮಾಡಿದ್ರ ನಿಮ್ಮನಿಯಾಗ ಕಸ ಎಲ್ಲಿಂದ ಬರಬೇಕು ಯಕ್ಕಾ?"