ಡಾ. ವೀಬ್ಕೆ ಥೀಸೆನ್ ಮತ್ತು ಬಚ್ಚಿಟ್ಟ ಸಂಖ್ಯೆ

ತಾಪವನ್ನು ಅಳೆಯುವವರಿಗೆ ಲೋಕದಲ್ಲಿ ಕೊರತೆಯಿಲ್ಲ. ಜ್ವರ ಬಂದ ಮಗುವಿನ ತಾಯಿಯಿಂದ ಹಿಡಿದು ಉಕ್ಕಿನ ಕುಲುಮೆಯ ಮೇಸ್ತ್ರಿಯವರೆಗೆ ಎಲ್ಲರೂ ಅಳೆಯುತ್ತಾರೆ. ಅವರೆಲ್ಲರ ತಾಪಮಾಪಕಗಳು ಇನ್ನೊಂದು ತಾಪಮಾಪಕವನ್ನು ನಂಬಿರುತ್ತವೆ, ಅದು ಮತ್ತೊಂದನ್ನು ನಂಬಿರುತ್ತದೆ. ಈ ನಂಬಿಕೆಯ ಸರಪಳಿಯನ್ನು ಹಿಡಿದು ಮೇಲೇರುತ್ತ ಹೋದರೆ ನಮ್ಮ ದೇಶದ ಮಟ್ಟಿಗೆ ಕೊನೆಗೆ ಸಿಗುತ್ತಿದ್ದದ್ದು ಲ್ಯೂನೆಬುರ್ಗ್ ಬಯಲಿನ ಅಂಚಿನಲ್ಲಿರುವ ನಮ್ಮ ರಾಷ್ಟ್ರೀಯ ಮಾಪನ ಪ್ರಯೋಗಾಲಯದ ಏಳನೆಯ ಕಟ್ಟಡದ ನೆಲಮಾಳಿಗೆ, ಮತ್ತು ಅಲ್ಲಿ ಉಣ್ಣೆಯ ಅಂಗಿ ತೊಟ್ಟು ಕೈಕಟ್ಟಿ ನಿಂತಿರುತ್ತಿದ್ದ ಡಾ. ವೀಬ್ಕೆ ಥೀಸೆನ್. ಮೂವತ್ತಾರು ವರ್ಷಗಳ ಸೇವೆಯನ್ನು ಮುಗಿಸಿ ಅವರು ಈ ಸೆಪ್ಟೆಂಬರಿನ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅವರ ಸಂಶೋಧನೆಯ ಬಗ್ಗೆ ಬರೆಯಬೇಕೆಂದು ಈ ಅಭಿನಂದನ ಸಂಪುಟದ ಸಂಪಾದಕರು ಕೇಳಿದಾಗ ನಾನು ಹಿಗ್ಗಿ ಒಪ್ಪಿಕೊಂಡೆ. ಬರೆಯುವುದಾದರೆ ಏನೇನು ಬರೆಯಬೇಕಾಗುತ್ತದೆ ಎಂಬುದು ಆಮೇಲೆ ಹೊಳೆದು, ಮೂರು ವಾರ ಪೆನ್ನು ಮುಟ್ಟಲಿಲ್ಲ.

ಥೀಸೆನ್ ಅವರು ಉತ್ತರ ಸಮುದ್ರದ ದಂಡೆಯ ಬ್ಯೂಸುಮ್ ಊರಿನಲ್ಲಿ ಸಿಗಡಿ ಹಿಡಿಯುವವರ ಮನೆಯಲ್ಲಿ ಹುಟ್ಟಿದವರು. ಪ್ರಯೋಗಾಲಯಕ್ಕೆ ಬಂದ ಮೊದಲ ಆರು ವರ್ಷ ಆಸ್ಪತ್ರೆಗಳ ಮತ್ತು ಬಿಯರ್ ಕಾರ್ಖಾನೆಗಳ ತಾಪಮಾಪಕಗಳನ್ನು ಒರೆಗೆ ಹಚ್ಚುವ ಕೆಲಸ ಮಾಡಿದರು. ಅದನ್ನು ಕೀಳು ಕೆಲಸವೆಂದು ಅವರೆಂದೂ ಭಾವಿಸಲಿಲ್ಲ. ಇಂದಿಗೂ ಹೋಟೆಲಿನಲ್ಲಿ ಬಿಯರ್ ಬಂದರೆ ಲೋಟದ ಹೊರಮೈಯನ್ನು ಮುಟ್ಟಿ ಇಷ್ಟು ಡಿಗ್ರಿ ಎಂದು ಹೇಳಿದ ಮೇಲೆಯೇ ಕುಡಿಯುತ್ತಾರೆ. ಆನಂತರ ಅವರು ಕೈಗೆತ್ತಿಕೊಂಡದ್ದು ತಾಪವನ್ನು ಶಬ್ದದಿಂದ ಅಳೆಯುವ ಮಹತ್ಕಾರ್ಯ. ತಾಮ್ರದ ಟೊಳ್ಳು ಗೋಳದಲ್ಲಿ ಆರ್ಗಾನ್ ಅನಿಲವನ್ನು ತುಂಬಿ, ಅದು ಯಾವ ಸ್ವರಕ್ಕೆ ದನಿಗೂಡಿಸುತ್ತದೆ ಎಂದು ಆಲಿಸಿದರೆ, ಅನಿಲದಲ್ಲಿ ಶಬ್ದದ ವೇಗ ತಿಳಿಯುತ್ತದೆ. ವೇಗ ತಿಳಿದರೆ ತಾಪ ತಿಳಿಯುತ್ತದೆ. ಹೇಳುವುದಕ್ಕೆ ಎರಡು ಸಾಲು, ಮಾಡುವುದಕ್ಕೆ ಒಂದು ಆಯುಷ್ಯ.

ಅವರ ನೆಲಮಾಳಿಗೆಯಲ್ಲಿ ಎರಡು ಕಟ್ಟಳೆಗಳಿದ್ದವು. ತನ್ನ ತಪ್ಪನ್ನು ತಾನೇ ಕಂಡುಹಿಡಿದವರು ಆ ಶುಕ್ರವಾರ ಎಲ್ಲರಿಗೂ ಕೇಕ್ ತರಬೇಕು ಎಂಬುದು ಮೊದಲನೆಯದು. ಬೇರೆಯವರು ಕಂಡುಹಿಡಿದ ತಪ್ಪಿಗೆ ಕೇಕ್ ಇಲ್ಲ, ಬೈಗುಳವೂ ಇಲ್ಲ, ಮರುಕ ಮಾತ್ರ. ಹೀಗಾಗಿ ಇಡೀ ಪ್ರಯೋಗಾಲಯದಲ್ಲಿ ಅತ್ಯಂತ ಹೆಚ್ಚು ತಪ್ಪು ಮಾಡುವವರೂ ಅತ್ಯಂತ ದಪ್ಪಗಿದ್ದವರೂ ನಾವೇ ಎಂದು ಹೆಸರು ಪಡೆದಿದ್ದೆವು.

ಎರಡನೆಯ ಕಟ್ಟಳೆ ಹೆಚ್ಚು ಕಠಿಣವಾದದ್ದು. ಉತ್ತರ ತಾನು ಬಯಸಿದಲ್ಲಿಗೆ ಬಂದು ನಿಂತೊಡನೆ ಮನುಷ್ಯ ತಪ್ಪು ಹುಡುಕುವುದನ್ನು ನಿಲ್ಲಿಸಿಬಿಡುತ್ತಾನೆ ಎಂಬುದು ಥೀಸೆನ್ ಅವರ ದೃಢವಾದ ನಂಬಿಕೆ. ಅದಕ್ಕಾಗಿ ಅವರು ನಮ್ಮ ಕಣ್ಣಿಗೆ ನಾವೇ ಬಟ್ಟೆ ಕಟ್ಟಿಕೊಳ್ಳುವ ಏರ್ಪಾಡು ಮಾಡಿದ್ದರು. ನಮ್ಮ ಯಂತ್ರಗಳಿಗೆ ಸೆಕೆಂಡೆಂದರೆ ಎಷ್ಟು ಎಂದು ಹೇಳಿಕೊಡುವ ಒಂದು ಮೂಲ ಗಡಿಯಾರವಿತ್ತು. ಗಡಿಯಾರ ವಿಭಾಗದ ಲ್ಯೂಡರ್ಸ್ ಅವರು ಅಳತೆಯ ಆರಂಭದಲ್ಲಿ ಬಂದು ಅದನ್ನು ಕೂದಲೆಳೆಯಷ್ಟು ನಿಧಾನವಾಗಿಯೋ ವೇಗವಾಗಿಯೋ ಓಡುವಂತೆ ತಿರುಗಿಸುತ್ತಿದ್ದರು. ಗೋಳದ ಸ್ವರವನ್ನು ನಾವು ಎಣಿಸುವುದು ಆ ಸೆಕೆಂಡುಗಳಲ್ಲೇ ಆದ್ದರಿಂದ, ನಮ್ಮ ಉತ್ತರವೂ ಅದಕ್ಕೆ ತಕ್ಕಂತೆ ನಿಜದಿಂದ ಸರಿದು ನಿಲ್ಲುತ್ತಿತ್ತು. ಎಷ್ಟು ತಿರುಗಿಸಿದರೆಂಬ ಸಂಖ್ಯೆ ಅವರಿಗೆ ಮಾತ್ರ ಗೊತ್ತು. ಅದನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ, ನಿರ್ದೇಶಕರ ತಿಜೋರಿಯಲ್ಲಿ ಇಡುತ್ತಿದ್ದರು. ಎಲ್ಲ ಪರೀಕ್ಷೆಗಳೂ ಮುಗಿದಿವೆ ಎಂದು ನಾವೆಲ್ಲ ಸಹಿ ಹಾಕುವವರೆಗೆ ಅದನ್ನು ಒಡೆಯುವಂತಿಲ್ಲ. ಒಡೆದ ಮೇಲೆ ಒಂದಂಕಿಯನ್ನೂ ಬದಲಿಸುವಂತಿಲ್ಲ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ಹದಿಮೂರು ವರ್ಷಗಳ ಹಿಂದಿನ ಮಾತು. ಗೋಳದ ಅಳತೆ ನಾಲ್ಕು ವರ್ಷ ದಾಟಿ ಕೊನೆಯ ಹಂತಕ್ಕೆ ಬಂದಿತ್ತು. ತಾಪದ ಮೂಲಮಾನವನ್ನು ನಿಗದಿಪಡಿಸಲು ಎಲ್ಲ ದೇಶಗಳ ಫಲಿತಾಂಶಗಳನ್ನೂ ಒಟ್ಟುಗೂಡಿಸುವ ಅಂತರರಾಷ್ಟ್ರೀಯ ಸಮಿತಿಗೆ ಮೇ ತಿಂಗಳೊಳಗೆ ನಮ್ಮದನ್ನು ಒಪ್ಪಿಸಬೇಕಿತ್ತು. ನನ್ನ ಉದ್ಯೋಗದ ಕರಾರು ಮಾರ್ಚಿಗೆ ಮುಗಿಯುವುದಿತ್ತು; ಫಲಿತಾಂಶ ಪ್ರಕಟವಾದರೆ ಮುಂದಿನ ದಾರಿ, ಇಲ್ಲವಾದರೆ ಮನೆಯ ದಾರಿ. ಮಗಳು ಆಗಿನ್ನೂ ಏಳು ತಿಂಗಳ ಕೂಸು.

ಹದಿನಾಲ್ಕು ದಿನಗಳ ಕ್ರಿಸ್‌ಮಸ್ ರಜೆ ಮುಗಿಸಿ ನೆಲಮಾಳಿಗೆಗೆ ಇಳಿದಾಗ, ಅಂಕಿಗಳನ್ನು ದಾಖಲಿಸುವ ಯಂತ್ರದ ಮೇಲಿನ ಸಮಯ ಗಡಿಯಾರ ವಿಭಾಗವೇ ನಡೆಸುವ ಗೋಡೆಯ ಗಡಿಯಾರಕ್ಕಿಂತ ಆರು ಸೆಕೆಂಡು ಹಿಂದಿರುವುದು ಕಣ್ಣಿಗೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಸರಿಪಡಿಸಿ ಕಾಫಿಗೆ ಹೋಗುತ್ತಿದ್ದರು. ಅಳತೆಯನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಆರು ಸೆಕೆಂಡನ್ನು ಕಂಡೂ ಕಾಣದಂತೆ ಇರಲು ಸಾಧ್ಯವೇ? ರಜೆಗೆ ಹೋಗುವ ಮುನ್ನ ಎರಡನ್ನೂ ನಾನೇ ಸರಿಹೊಂದಿಸಿದ್ದೆ. ಆ ಯಂತ್ರವೂ ನಮ್ಮ ತಿರುಚಿದ ಮೂಲ ಗಡಿಯಾರದಿಂದಲೇ ಸೆಕೆಂಡುಗಳನ್ನು ಎರವಲು ಪಡೆಯುತ್ತಿತ್ತೆಂದು ಹೊಳೆಯುವ ಮೊದಲೇ, ಹದಿನಾಲ್ಕು ದಿನಕ್ಕೆ ಆರು ಸೆಕೆಂಡು ಎಂದರೆ ಹತ್ತು ಲಕ್ಷಕ್ಕೆ ಐದು ಎಂಬ ಲೆಕ್ಕ ತಲೆಯಲ್ಲಿ ಮುಗಿದುಹೋಗಿತ್ತು. ತಿಜೋರಿಯಲ್ಲಿದ್ದ ಸಂಖ್ಯೆ ನನಗೆ ಗೊತ್ತಾಗಿಬಿಟ್ಟಿತ್ತು. ಅದನ್ನು ಸೇರಿಸಿ ನೋಡಿದರೆ ನಮ್ಮ ಉತ್ತರ ಜಗತ್ತು ಒಪ್ಪಿಕೊಂಡ ಉತ್ತರದ ಮಗ್ಗುಲಲ್ಲೇ ಕುಳಿತಿತ್ತು.

ನಾನು ಯಾರಿಗೂ ಹೇಳಲಿಲ್ಲ. ಎರಡು ವಾರ ಎಂದೂ ಇಲ್ಲದಷ್ಟು ನೆಮ್ಮದಿಯಿಂದ ಕೆಲಸ ಮಾಡಿ, ಎಲ್ಲ ಪರೀಕ್ಷೆಗಳೂ ಮುಗಿದವು, ಸಹಿ ಹಾಕೋಣ ಎಂದು ಕಾಗದ ಹಿಡಿದು ಥೀಸೆನ್ ಅವರ ಮುಂದೆ ನಿಂತೆ. ಅವರು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು.

"ಓಲ್ಟ್‌ಮನ್ಸ್ ಅವರೇ, ಅನಿಲದ ಸಿಲಿಂಡರ್ ಬದಲಾಯಿಸಿ ಒಂದ್ಸಲ ನೋಡ್ಬೇಕು ಅಂತಿದ್ರಲ್ಲ, ಅದೇನಾಯ್ತು?"

"ಅದೇನೂ ಬೇಕಾಗಿಲ್ಲ ಅನ್ನಿಸ್ತು."

"ಅಕ್ಟೋಬರಲ್ಲಿ ಬೇಕೇ ಬೇಕು ಅಂತ ನನ್ನ ತಲೆ ತಿಂದೋರು ನೀವು. ಈಗ ಯಾಕೆ ಬೇಡ ಆಯ್ತು?"

"ಸಂಖ್ಯೆ ನಂಗೆ ಗೊತ್ತಾಗಿದೆ" ಎಂದೆ.

"ಲಕೋಟೆ ಒಡೆದ್ರಾ?"

"ಇಲ್ಲ. ಗಡಿಯಾರ ನೋಡ್ದೆ."

ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯದೆ ಟಾರ್ಚ್ ಹಿಡಿದು ಯಂತ್ರಗಳ ಹಿಂದೆ ಮಂಡಿಯೂರಿ, ಮೂಲ ಗಡಿಯಾರದಿಂದ ಹೊರಟ ಒಂದು ತಂತಿಯನ್ನು ಬೆರಳಿನಿಂದ ಹಿಂಬಾಲಿಸುತ್ತ ಹೋದರು. ಕಾಲು ಗಂಟೆಯ ಮೇಲೆ ತಲೆಗೂದಲಿಗೆ ಧೂಳು ಮೆತ್ತಿಕೊಂಡು ಹೊರಬಂದರು.

"ಈ ವೈರ್ ಎಳ್ದೋಳು ನಾನೇ. ನೋಡಿ, ಇದಕ್ಕೆ ಅಂಟಿಸಿರೋ ಚೀಟಿ ಮೇಲೆ ನನ್ನ ಅಕ್ಷರ. ಈ ಶುಕ್ರವಾರ ಇಬ್ರೂ ಕೇಕ್ ತರೋಣ. ನಾನು ವೈರ್ ಎಳ್ದಿದ್ದಕ್ಕೆ, ನೀವು ಎರಡು ವಾರ ಬಾಯಿ ಮುಚ್ಕೊಂಡಿದ್ದಕ್ಕೆ. ನಿಮ್ದು ಸ್ವಲ್ಪ ದೊಡ್ಡದಿರ್ಲಿ."

ಆ ಮಧ್ಯಾಹ್ನವೇ ನಿರ್ದೇಶಕರಾಗಿದ್ದ ಪ್ರೊ. ವೀಗಾಂಡ್ ಅವರ ಕೋಣೆಗೆ ನನ್ನನ್ನೂ ಕರೆದುಕೊಂಡು ಹೋದರು. ಹೊಸ ಸಂಖ್ಯೆ ಬಚ್ಚಿಟ್ಟು, ಹೊಸ ಸಿಲಿಂಡರಿನೊಂದಿಗೆ ಮತ್ತೆ ಅಳೆಯಬೇಕು, ಒಂಬತ್ತು ತಿಂಗಳು ಹಿಡಿಯುತ್ತದೆ ಎಂದರು.

"ಆರು ಸೆಕೆಂಡಿಗೋಸ್ಕರ ನಾಲ್ಕು ವರ್ಷದ ಕೆಲಸಾನ ನೀರಿಗೆ ಹಾಕ್ತೀರಾ?" ಎಂದು ವೀಗಾಂಡ್ ಕೇಳಿದರು. "ಮೇ ತಿಂಗಳು ತಪ್ಪಿದ್ರೆ ನಮ್ಮ ದೇಶದ ಹೆಸರೇ ಪಟ್ಟೀಲಿರಲ್ಲ. ನಿಮ್ಮ ಉತ್ತರ ಸರಿಯಾಗೇ ಇದ್ರೆ?"

"ಸರಿಯಾಗಿದ್ರೆ ಇನ್ನೊಂದ್ಸಲಾನೂ ಸರಿಯಾಗೇ ಬರುತ್ತೆ. ಬರ್ಲಿ ಬಿಡಿ" ಎಂದರು ಥೀಸೆನ್.

ಬರಲಿಲ್ಲ. ಹಳೆಯ ಸಿಲಿಂಡರಿನ ಆರ್ಗಾನ್‌ನಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ನಿಯಾನ್ ಬೆರೆತಿತ್ತು. ಜಗತ್ತಿನ ಉತ್ತರದ ಮಗ್ಗುಲಲ್ಲಿ ನಮ್ಮನ್ನು ಕೂರಿಸಿದ್ದು ಆ ಕಲಬೆರಕೆಯೇ. ಡಿಸೆಂಬರಿನಲ್ಲಿ ಎರಡನೆಯ ಲಕೋಟೆ ಒಡೆದಾಗ ನಮ್ಮ ಉತ್ತರ ಉಳಿದೆಲ್ಲರಿಂದ ದೂರ, ಒಂಟಿಯಾಗಿ ನಿಂತಿತ್ತು. ಸಮಿತಿಯ ಪಟ್ಟಿಯಲ್ಲಿ ನಾವಿರಲಿಲ್ಲ. ಆ ಚಳಿಗಾಲದ ಸಮ್ಮೇಳನದಲ್ಲಿ ನಮ್ಮೊಂದಿಗೆ ಊಟಕ್ಕೆ ಕೂರಲೂ ಜನ ಹಿಂದೆಮುಂದೆ ನೋಡಿದರು. ಮೂರು ವರ್ಷಗಳ ನಂತರ, ಗೋಳದ ಗೊಡವೆಯೇ ಇಲ್ಲದ ಬೇರೆ ವಿಧಾನಗಳಿಂದ ಅಳೆದ ಎರಡು ದೇಶಗಳು ಒಂದರ ಹಿಂದೊಂದು ನಮ್ಮ ಪಕ್ಕಕ್ಕೇ ಬಂದು ನಿಂತವು. ಅನಿಲವನ್ನು ಶೋಧಿಸಲು ಥೀಸೆನ್ ಅವರು ಆಗ ಬರೆದಿಟ್ಟ ಕ್ರಮ ಇಂದು ಒಂಬತ್ತು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಅವರ ಸಂಶೋಧನೆಗಳಲ್ಲಿ ಯಾವುದು ದೊಡ್ಡದೆಂದು ಕೇಳಿದರೆ ನಾನು ಅದನ್ನೇ ಹೇಳುತ್ತೇನೆ.

ಈ ನಡುವೆ ನನ್ನ ಕರಾರು ಮಾರ್ಚಿಗೆ ಮುಗಿಯದೆ ಡಿಸೆಂಬರಿನವರೆಗೆ ಮುಂದುವರಿದಿತ್ತು. ಎಲ್ಲಿಂದಲೋ ಒಂದು ಜಾಗ ಸಿಕ್ಕಿತು ಎಂದಷ್ಟೇ ಅವರು ಹೇಳಿದ್ದರು. ಆ ವರ್ಷ ಅವರು ದಿನಾ ನಡುಹಗಲಿಗೇ ಸೈಕಲ್ ಹತ್ತಿ ಮನೆಗೆ ಹೊರಡುತ್ತಿದ್ದರು. ತೋಟದಲ್ಲಿ ಆಲೂಗಡ್ಡೆ ಹಾಕಿದ್ದೇನೆ, ನೋಡಿಕೊಳ್ಳಬೇಕು ಎನ್ನುತ್ತಿದ್ದರು. ವಿಜ್ಞಾನಿಗೆ ಕೊನೆಗೂ ಮಣ್ಣಿನ ರುಚಿ ಹತ್ತಿತು ಎಂದು ನಾವು ಬೆನ್ನ ಹಿಂದೆ ನಕ್ಕಿದ್ದುಂಟು, ಎಲ್ಲರಿಗಿಂತ ಜೋರಾಗಿ ನಾನು.

ಈ ಲೇಖನಕ್ಕಾಗಿ ಕಳೆದ ತಿಂಗಳು ಅವರ ಅನುಮತಿ ಪಡೆದು ಸೇವಾ ದಾಖಲೆಯನ್ನು ತರಿಸಿ ನೋಡಿದೆ. ಆ ವರ್ಷದ ಏಪ್ರಿಲ್ ಒಂದರಿಂದ ಡಿಸೆಂಬರ್ ಮೂವತ್ತೊಂದರವರೆಗೆ, ಸ್ವಂತ ಕೋರಿಕೆಯ ಮೇರೆಗೆ, ಅರ್ಧ ಹುದ್ದೆ ಎಂದಿತ್ತು. ಇನ್ನರ್ಧದಲ್ಲಿ ಇದ್ದವನು ನಾನು. ಓದಿದಾಗ ಕಣ್ಣು ತುಂಬಿತು ಎಂದು ಇಲ್ಲಿ ಬರೆಯಲು ನನಗೆ ಸಂಕೋಚವಿಲ್ಲ.

ನೇರ ಅವರ ಕೋಣೆಗೆ ಹೋದೆ. "ಆ ವರ್ಷ ಆಲೂಗಡ್ಡೆ ಹೇಗೆ ಬಂತು?" ಎಂದು ಕೇಳಿದೆ.

"ಕೊಳೆತೋಯ್ತು. ಮಳೆ ಜಾಸ್ತಿ" ಎಂದರು, ತಲೆಯೆತ್ತದೆ.

"ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನನಗೋಸ್ಕರನಾದ್ರೂ ಉತ್ತರ ಚೆನ್ನಾಗಿ ಬರ್ಲಿ ಅಂತ ನೋಡ್ತಿದ್ರಿ. ನಿಮ್ ಕಣ್ಣಿಗೆ ಇನ್ನೊಂದು ಬಟ್ಟೆ ಕಟ್ಬೇಕಾಗಿತ್ತು."

ನಾನು ಈ ಸಂಗತಿಯನ್ನೆಲ್ಲ ಅಚ್ಚಿಗೆ ಕೊಡುತ್ತೇನೆ ಎಂದಾಗ ಅವರು ಬೇಡವೆನ್ನಲಿಲ್ಲ. ಬದಲಿಗೆ ತಮ್ಮದೊಂದು ಕೆಲಸ ಒಪ್ಪಿಸಿದರು. ಅಕ್ಟೋಬರಿನಿಂದ ಅತಿಥಿ ಸಂಶೋಧಕಿಯಾಗಿ ಅವರು ಹೊಸ ಗೋಳವೊಂದರ ಅಳತೆಯನ್ನು ಆರಂಭಿಸಲಿದ್ದಾರೆ. ಅರುವತ್ತಾರರ ಪ್ರಾಯದಲ್ಲಿ, ಆರು ವರ್ಷದ ಕೆಲಸ. ಲ್ಯೂಡರ್ಸ್ ನಿವೃತ್ತರಾಗಿ ಬಹಳ ಕಾಲವಾಯಿತು.

"ಈ ಸಲ ಸಂಖ್ಯೆ ನೀವೇ ಬಚ್ಚಿಡಿ" ಎಂದರು.

"ನಾನಾ? ಎಲ್ಲಾ ಬಿಟ್ಟು ನಾನಾ?"

"ಬಚ್ಚಿಟ್ಟಿದ್ದು ಎಲ್ಲೆಲ್ಲಿ ಸೋರುತ್ತೆ ಅಂತ ಈ ಕಟ್ಟಡದಲ್ಲಿ ಗೊತ್ತಿರೋದು ನಿಮ್ಗೊಬ್ರಿಗೇ."

ಕಳೆದ ಮಂಗಳವಾರ ಎಲ್ಲ ತಂತಿಗಳನ್ನೂ ಮಂಡಿಯೂರಿ ಪರೀಕ್ಷಿಸಿ, ಗಡಿಯಾರವನ್ನು ತಿರುಗಿಸಿ, ಸಂಖ್ಯೆಯನ್ನು ಬರೆದು, ಅರಗು ಹಾಕಿ ತಿಜೋರಿಯಲ್ಲಿ ಇಟ್ಟುಬಂದೆ. ಗುರುಗಳಿಗೆ ಆಯುರಾರೋಗ್ಯ ಕೋರುವವರು ನೂರು ವರ್ಷ ಎನ್ನುವುದುಂಟು. ಅಳತೆಯವನಾದ ನಾನು ಅಷ್ಟು ಅಂದಾಜಾಗಿ ಕೋರಲಾರೆ. ವೀಬ್ಕೆ ಥೀಸೆನ್ ಅವರು ನೆಟ್ಟಗಿನ ಬೆನ್ನು, ಚುರುಕಾದ ಕಿವಿ, ತಪ್ಪು ಹುಡುಕುವ ಅದೇ ಹಟದೊಡನೆ ಬಾಳಿ, ಕೆಲಸ ಮುಗಿಸಿ ಸಹಿ ಹಾಕಿ, ಆ ಲಕೋಟೆಯನ್ನು ತಮ್ಮ ಕೈಯಾರೆ ಒಡೆಯಲಿ. ಆಮೇಲೆ ಇನ್ನೊಂದನ್ನು ಬಚ್ಚಿಡಲು ನನಗೆ ಹೇಳಲಿ. ಅಲ್ಲಿಯವರೆಗೆ ಆ ಸಂಖ್ಯೆಯನ್ನು ನಾನು ನನ್ನ ಹೆಂಡತಿಗೂ ಹೇಳುವುದಿಲ್ಲ.